ದೂರ ಹೊಡೆಯದ ಹುಡುಗಿ

ಡ್ರೈವ್‌ನಲ್ಲಿ ಹಿಂದೆ, ಪಟ್‌ನಲ್ಲಿ ಮುಂದೆ. ಅಪ್ಪ ಅಮ್ಮನಿಗೆ ಆಟದ ಗಂಧಗಾಳಿ ಇರಲಿಲ್ಲ. ಆಮೇಲೆ ಅವರೇ ಬ್ಯಾಗು ಹೊತ್ತರು. ಬೆಂಗಳೂರಿನ ಅದಿತಿ ಅಶೋಕ್ ಒಂದು ಆಗಸ್ಟ್ ಬೆಳಗ್ಗೆ ಗಾಲ್ಫ್ ಗೊತ್ತಿಲ್ಲದವರನ್ನೂ ಟಿ.ವಿ. ಮುಂದೆ ಕೂರಿಸಿದ ಕಥೆ.

ಬಾಣಸವಾಡಿಯ ನಮ್ಮ ಬೀದಿಯಲ್ಲಿ ಬೆಳಗಿನ ಐದಕ್ಕೆ ಓಡಾಡುವವರು ಹಾಲು ಹಾಕುವವರು ಮತ್ತು ಆಂಜನೇಯನ ಗುಡಿಗೆ ಹೋಗುವ ಒಂದಿಬ್ಬರು. 2021ರ ಆಗಸ್ಟ್ 7, ಶನಿವಾರ, ಅಷ್ಟೊತ್ತಿಗೇ ನಮ್ಮ ಮನೆಯಲ್ಲೂ ದೀಪ ಹತ್ತಿತ್ತು. ಹೊರಗೆ ಜಿಟಿಜಿಟಿ ಮಳೆ. ಟಿ.ವಿ. ಸದ್ದು ಸಣ್ಣಗೆ ಇಟ್ಟುಕೊಂಡು ಕೂತಿದ್ದೆ.

ಅಮ್ಮ ಎದ್ದು ಬಂದರು. ‘ಏನೋ ಇದು, ಇಷ್ಟೊತ್ತಿಗೆ ಎದ್ದು ಹುಲ್ಲು ನೋಡ್ತಾ ಕೂತಿದೀಯ?’

‘ಗಾಲ್ಫ್ ಅಮ್ಮ. ಒಲಿಂಪಿಕ್ಸು. ನಮ್ಮ ಬೆಂಗಳೂರಿನ ಹುಡುಗಿ ಆಡ್ತಿದಾಳೆ.’

‘ಹೌದಾ? ಎಷ್ಟಾಗಿದೆ?’

‘ಮೈನಸ್ ಹನ್ನೆರಡು.’

ಅಮ್ಮನ ಮುಖ ಸಣ್ಣದಾಯಿತು. ‘ಅಯ್ಯೋ ಪಾಪ.’

ಮೈನಸ್ಸೇ ಒಳ್ಳೆಯದು, ಕಡಿಮೆ ಹೊಡೆದವರೇ ಇಲ್ಲಿ ಗೆಲ್ಲುವುದು ಎಂದು ಬಿಡಿಸಿ ಹೇಳುವಷ್ಟರಲ್ಲಿ ಹಾಲು ಉಕ್ಕಿತ್ತು. ಕಾಫಿ ಹಿಡಿದು ಮತ್ತೆ ಬಂದವರು ಪರದೆಯನ್ನೇ ನೋಡುತ್ತಾ ಕೇಳಿದರು: ‘ಆ ಹೆಂಗಸು ಯಾರೋ, ಅಷ್ಟು ದೊಡ್ಡ ಚೀಲ ಹೊತ್ಕೊಂಡು ಹಿಂದೆಹಿಂದೇನೇ ನಡೀತಿದಾರಲ್ಲ?’

‘ಅವರಮ್ಮ.’

ಅಮ್ಮ ಕುರ್ಚಿ ಎಳೆದುಕೊಂಡು ಕೂತರು. ಹತ್ತು ಗಂಟೆಯವರೆಗೂ ಏಳಲಿಲ್ಲ. ಅವತ್ತು ನಮ್ಮನೆಯಲ್ಲಿ ತಿಂಡಿಗೆ ಬ್ರೆಡ್ಡು.

ತಿಂಡಿಗೆಂದು ಹೋದವರು

ತಿಂಡಿಯ ಮಾತು ಸುಮ್ಮನೆ ಬಂದಿದ್ದಲ್ಲ. ಅದಿತಿಯ ಗಾಲ್ಫ್ ಶುರುವಾದದ್ದೂ ತಿಂಡಿಯಿಂದಲೇ.

ಹುಟ್ಟಿದ್ದು 1998ರ ಮಾರ್ಚ್ 29, ಬೆಂಗಳೂರಿನಲ್ಲಿ. ತಂದೆ ಅಶೋಕ್, ತಾಯಿ ಮಹೇಶ್ವರಿ. ಮನೆಯಲ್ಲಿ ಗಾಲ್ಫ್ ಆಡಿದವರು ಯಾರೂ ಇರಲಿಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ, ಅಂದರೆ ನಮ್ಮ ಪೂರ್ವ ಬೆಂಗಳೂರಿನವರ ಬಾಯಲ್ಲಿ ‘ಕೆಜಿಎ’ಯ, ಮೈದಾನ ಕಾಣುವ ಒಂದು ಹೋಟೆಲಿಗೆ ಈ ಕುಟುಂಬ ತಿಂಡಿಗೆ ಹೋಗುತ್ತಿತ್ತು. ಆಚೆ ಕಡೆಯಿಂದ ಜನ ಚಪ್ಪಾಳೆ ತಟ್ಟುವ ಸದ್ದು. ಐದು ದಾಟಿದ್ದ ಮಗಳಿಗೆ ಕುತೂಹಲ: ಅಲ್ಲಿ ಏನು ನಡೀತಿದೆ?

ನೋಡಿಬರೋಣ ಎಂದು ಮೂವರೂ ಹೋದರು. ಮೂವರೂ ಕೋಲು ಹಿಡಿದರು. ಅಪ್ಪ ಅಮ್ಮ ಕಲಿತದ್ದು ಮಗಳ ಜೊತೆಜೊತೆಗೆ. ಮಗು ಮೊದಲು ಮನಸೋತದ್ದು ದೊಡ್ಡವರು ಬೀಸಿ ಬೀಸಿ ಹೊಡೆಯುವ ಡ್ರೈವಿಂಗ್ ರೇಂಜ್‌ಗಲ್ಲ, ಪಕ್ಕದ ಪಟಿಂಗ್ ಗ್ರೀನ್‌ಗೆ. ಚಾಪೆಯಂತೆ ಕತ್ತರಿಸಿದ ಹುಲ್ಲು, ಪುಟ್ಟ ಗುಳಿ, ಅದರೊಳಗೆ ಚೆಂಡು ಬಿದ್ದಾಗ ಆಗುವ ‘ಟಳಕ್’ ಸದ್ದು.

ಈ ವಿವರವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಹೆಚ್ಚಿನ ಮಕ್ಕಳಿಗೆ ಕೋಚ್‌ಗಳು ಮೊದಲು ಕೊಡುವುದು ಉದ್ದ ಕೋಲು. ಚೆಂಡು ಆಕಾಶಕ್ಕೆ ಹಾರುವುದು ನೋಡಿದರೆ ಯಾವ ಮಗುವಿಗೂ ಖುಷಿ. ಅದಿತಿ ಆಟವನ್ನು ಬಾಲದ ಕಡೆಯಿಂದ ಕಲಿತರು. ಗುಳಿಯ ಪಕ್ಕದಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ಸರಿದರು.

ಲೆಕ್ಕ ನೋಡಿ. ಹದಿನೆಂಟು ಹೋಲ್‌ಗಳ ಕೋರ್ಸಿಗೆ ಸಾಮಾನ್ಯವಾಗಿ ‘ಪಾರ್’ 72. ಅಂದರೆ ಒಳ್ಳೆಯ ಆಟಗಾರ ಸುತ್ತು ಮುಗಿಸಲು 72 ಹೊಡೆತ ಸಾಕು ಎಂದು ಅಂದಾಜು. ಅದರಲ್ಲಿ ಪ್ರತಿ ಹೋಲ್‌ಗೂ ಎರಡೆರಡು ಪಟ್ ಸೇರಿಸಿಯೇ ಲೆಕ್ಕ ಹಾಕಿರುತ್ತಾರೆ. ಒಟ್ಟು 36. ಸರಿಯಾಗಿ ಅರ್ಧ! 250 ಗಜ ಹಾರುವ ಡ್ರೈವೂ ಒಂದು ಹೊಡೆತ, ಎರಡು ಅಡಿ ಉರುಳುವ ಪಟ್ಟೂ ಒಂದು ಹೊಡೆತ. ಪುಸ್ತಕದಲ್ಲಿ ಎರಡಕ್ಕೂ ಒಂದೇ ಗೀಟು. ಆದರೂ ಜನ ಚಪ್ಪಾಳೆ ತಟ್ಟುವುದು ಡ್ರೈವ್‌ಗೆ.

| ಬಾಕ್ಸ್ |
ಕೆರೆಯಿದ್ದ ಜಾಗ
ಬೆಂಗಳೂರಿಗೆ ಗಾಲ್ಫ್ ಬಂದದ್ದು ದಂಡಿನ ಜೊತೆ. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ದೇಶದ ಅತಿ ಹಳೆಯ ಕ್ಲಬ್ ಕೋಲ್ಕತ್ತದ್ದು, 1829ರದು. ದೊಮ್ಮಲೂರಿನಾಚೆಯ ಕೆಜಿಎ ಇರುವುದು ಚಲ್ಲಘಟ್ಟ ಕೆರೆಯಿದ್ದ ಜಾಗದಲ್ಲಿ. ವಿನ್ಯಾಸ ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಅವರ ತಂಡದ್ದು. 2012ರಲ್ಲಿ ಇಂಡಿಯನ್ ಓಪನ್ ಇಲ್ಲೇ ನಡೆಯಿತು. ಕೆರೆ ಹೋಗಿ ಹುಲ್ಲಾದದ್ದಕ್ಕೆ ಹಳಬರ ನಿಟ್ಟುಸಿರು ಇನ್ನೂ ನಿಂತಿಲ್ಲ. ಬೆಂಗಳೂರಿನ ಮಟ್ಟಿಗೆ ಕೆರೆಯೊಂದು ಕಾಂಕ್ರೀಟಾಗದೆ ಹುಲ್ಲಾದದ್ದೇ ಪುಣ್ಯ ಎನ್ನುವವರೂ ಇದ್ದಾರೆ.

ಶಾಲೆ, ಪರೀಕ್ಷೆ, ಪಾಸ್‌ಪೋರ್ಟು

ಬಾಣಸವಾಡಿ, ಕಮ್ಮನಹಳ್ಳಿ ಕಡೆಯ ಶಾಲಾ ವ್ಯಾನುಗಳು ಬೆಳಗ್ಗೆ ಹಲಸೂರಿನ ಕೇಂಬ್ರಿಜ್ ರಸ್ತೆಗೆ ಸಾಲುಗಟ್ಟುತ್ತವೆ. ಅಲ್ಲಿನ ಫ್ರಾಂಕ್ ಆಂಟನಿ ಪಬ್ಲಿಕ್ ಸ್ಕೂಲಿನಲ್ಲಿ ಅದಿತಿ ಓದಿದರು. ಮಧ್ಯೆ ಮಧ್ಯೆ ಟೂರ್ನಿಗಳಿಗೆ ಹಾರಿಹೋಗಿ ಬರುತ್ತಿದ್ದ ವಿದ್ಯಾರ್ಥಿನಿ.

2011ರಲ್ಲಿ, 13ರ ವಯಸ್ಸಿಗೆ, ಇನ್ನೂ ಅಮೆಚೂರ್ ಆಗಿರುವಾಗಲೇ ದೇಶದ ವೃತ್ತಿಪರ ಆಟಗಾರ್ತಿಯರನ್ನು ಸೋಲಿಸಿ ಟೂರ್ನಿ ಗೆದ್ದರು. 2015ರಲ್ಲಿ ಬ್ರಿಟಿಷ್ ಅಮೆಚೂರ್ ಸ್ಟ್ರೋಕ್ ಪ್ಲೇ ಪ್ರಶಸ್ತಿ. ಅದೇ ವರ್ಷ ಡಿಸೆಂಬರಿನಲ್ಲಿ ಮೊರಾಕ್ಕೊಗೆ ಹೋದರು.

ಮೊರಾಕ್ಕೊದಲ್ಲಿ ಇದ್ದದ್ದು ‘ಟೂರ್ ಸ್ಕೂಲ್’. ಹೆಸರಿಗೆ ಸ್ಕೂಲು, ಪಾಠ ಹೇಳುವವರು ಯಾರೂ ಇಲ್ಲ, ಬರೀ ಪರೀಕ್ಷೆ. ಮುಂದಿನ ವರ್ಷ ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಆಡಲು ಯಾರಿಗೆ ಕಾರ್ಡ್ ಎಂದು ತೀರ್ಮಾನಿಸುವ ಜಾಗ. ಹದಿನೇಳರ ಅದಿತಿ ತೇರ್ಗಡೆಯಾದದ್ದಷ್ಟೇ ಅಲ್ಲ, ಮೊದಲ ಸ್ಥಾನವನ್ನೇ ಹೊಡೆದರು. ಅಲ್ಲಿ ಗೆದ್ದ ಮೊದಲ ಭಾರತೀಯಳೂ, ಅತಿ ಕಿರಿಯಳೂ ಅವರೇ. 2016ರ ಜನವರಿ 1ಕ್ಕೆ ಪ್ರೊ ಆದರು. ಮುಂದಿನ ಕೆಲವೇ ತಿಂಗಳಲ್ಲಿ ಹನ್ನೆರಡನೇ ತರಗತಿಯ ಬೋರ್ಡ್ ಪರೀಕ್ಷೆ ಬರೆದು, ಆಗಸ್ಟಿಗೆ ರಿಯೊ ಒಲಿಂಪಿಕ್ಸ್‌ನಲ್ಲಿ ನಿಂತಿದ್ದರು. ಗಾಲ್ಫ್ ಕಣದಲ್ಲೇ ಅತಿ ಚಿಕ್ಕವರು. ಬ್ಯಾಗು ಹೊತ್ತವರು ಅಪ್ಪ.

ಮೊದಲೆರಡು ದಿನ 68, 68. ಪದಕದ ಸುತ್ತಮುತ್ತ ಹೆಸರು ಕಾಣತೊಡಗಿದಾಗ ನಮ್ಮ ಚಾನೆಲ್‌ಗಳಿಗೂ ಎಚ್ಚರವಾಯಿತು. ಆಮೇಲಿನ ಎರಡು ದಿನ ಜಾರಿ 41ನೇ ಸ್ಥಾನಕ್ಕೆ ಇಳಿದರು. ಚಾನೆಲ್‌ಗಳು ಮತ್ತೆ ಮಲಗಿದವು.

ಹುಡುಗಿ ಮಲಗಲಿಲ್ಲ. ಅದೇ ನವೆಂಬರಿನಲ್ಲಿ ಗುರುಗ್ರಾಮದ ಡಿಎಲ್‌ಎಫ್ ಕೋರ್ಸಿನಲ್ಲಿ ಹೀರೊ ಮಹಿಳಾ ಇಂಡಿಯನ್ ಓಪನ್ ಅನ್ನು ಒಂದೇ ಒಂದು ಹೊಡೆತದ ಅಂತರದಲ್ಲಿ ಗೆದ್ದರು. ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಭಾರತೀಯ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಗೆಲುವು ಅದು. ಎರಡೇ ವಾರದಲ್ಲಿ ಕತಾರ್ ಓಪನ್ನೂ ಕೈಗೆ ಬಂತು. ವರ್ಷದ ಶ್ರೇಷ್ಠ ಹೊಸ ಆಟಗಾರ್ತಿ ಎಂಬ ಬಿರುದೂ ಬಂತು. 2017ರಲ್ಲಿ ಅಬುಧಾಬಿಯಲ್ಲಿ ಮೂರನೇ ಗೆಲುವು. ಅಮೆರಿಕದ ಎಲ್‌ಪಿಜಿಎ ಟೂರ್‌ಗೂ ಆ ವರ್ಷವೇ ಕಾಲಿಟ್ಟದ್ದು.

ಅಲ್ಲಿ ಲೆಕ್ಕ ಬೇರೆ. ಎಲ್‌ಪಿಜಿಎಯ ಉದ್ದ ಕೋರ್ಸುಗಳಲ್ಲಿ ಗಟ್ಟಿ ಮೈಕಟ್ಟಿನ ಆಟಗಾರ್ತಿಯರು ಚೆಂಡನ್ನು ಹತ್ತಾರು ಗಜ ಮುಂದೆ ಕಳಿಸುತ್ತಾರೆ. ಪ್ರೊ ಆಟಗಾರರಿಗೆ ಸಂಬಳವಂತೂ ಇಲ್ಲ. ಮೊದಲ ಸುತ್ತುಗಳಾದ ಮೇಲೆ ‘ಕಟ್’ ಎಂದು ಗೆರೆ ಎಳೆಯುತ್ತಾರೆ. ಗೆರೆಯಾಚೆ ಬಿದ್ದವರಿಗೆ ಸಾಮಾನ್ಯವಾಗಿ ಬಿಡಿಗಾಸೂ ಇಲ್ಲ, ವಿಮಾನದ ಟಿಕೆಟ್ಟು, ಹೋಟೆಲ್ ಬಾಡಿಗೆ, ಕ್ಯಾಡಿಯ ಕೂಲಿ ಎಲ್ಲ ಕೈಯಿಂದ. ವಾರವಾರವೂ ಬೇರೆ ಊರು. ಅದಿತಿ ಇದನ್ನು ವರ್ಷಗಟ್ಟಲೆ ಮಾಡಿದರು. ಐದು ವರ್ಷಕ್ಕೂ ಹೆಚ್ಚು ಕಾಲ ಒಂದು ಪ್ರಶಸ್ತಿಯೂ ಬರಲಿಲ್ಲ. 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಪೇಪರಿನಲ್ಲಿ ಎರಡು ಸಾಲು ಸುದ್ದಿಯಾಯಿತು. ಅಷ್ಟೇ.

| ಬಾಕ್ಸ್ |
ಗೆದ್ದದ್ದೇ ಗೊತ್ತಿಲ್ಲ!
ಮಹಿಳಾ ಗಾಲ್ಫ್ ಒಲಿಂಪಿಕ್ಸ್‌ಗೆ ಮೊದಲು ಬಂದದ್ದು 1900ರಲ್ಲಿ, ಪ್ಯಾರಿಸ್‌ನಲ್ಲಿ. ಗೆದ್ದವರು ಅಮೆರಿಕದ ಮಾರ್ಗರೆಟ್ ಅಬಟ್. ಹುಟ್ಟಿದ್ದು ನಮ್ಮ ಕೋಲ್ಕತ್ತದಲ್ಲಿ! ತಾನು ಆಡಿದ್ದು ಒಲಿಂಪಿಕ್ಸ್ ಎಂಬುದೇ ಆಕೆಗೆ ಗೊತ್ತಿರಲಿಲ್ಲ. 1955ರಲ್ಲಿ ತೀರಿಕೊಳ್ಳುವವರೆಗೂ ಗೊತ್ತಾಗಲಿಲ್ಲ. ಆಮೇಲೆ ಮಹಿಳಾ ಗಾಲ್ಫ್ ಒಲಿಂಪಿಕ್ಸ್‌ಗೆ ಮರಳಿದ್ದು 116 ವರ್ಷ ಕಳೆದ ಮೇಲೆ, ಅದಿತಿ ಆಡಿದ ರಿಯೊದಲ್ಲೇ.

ಕಸುಮಿಗಸೇಕಿಯ ನಾಲ್ಕು ದಿನ

ಟೋಕಿಯೊ ಒಲಿಂಪಿಕ್ಸ್‌ಗೆ ಹೊರಟಾಗ ಅದಿತಿಯ ವಿಶ್ವ ರ್‍ಯಾಂಕಿಂಗ್ 200. ಕೆಲವೇ ವಾರಗಳ ಹಿಂದೆ ಕೋವಿಡ್ ಬಂದು ಹೋಗಿತ್ತು. ಮೊದಲೇ ದೂರ ಹೊಡೆಯುವವರಲ್ಲ; ಇದ್ದ ಶಕ್ತಿಯಲ್ಲೂ ಅಷ್ಟು ಸೋರಿತ್ತು. ಈ ಬಾರಿ ಬ್ಯಾಗು ಅಮ್ಮನ ಹೆಗಲಿಗೆ.

ಪಂದ್ಯ ನಡೆದದ್ದು ಸೈತಾಮದ ಕಸುಮಿಗಸೇಕಿ ಕಂಟ್ರಿ ಕ್ಲಬ್‌ನಲ್ಲಿ. ಪಾರ್ 71. ಬೇಯಿಸುವ ಬಿಸಿಲು. ಕಣದಲ್ಲಿ 60 ಮಂದಿ. ಡ್ರೈವ್‌ನ ದೂರ ಅಳೆದರೆ ಅದಿತಿ ಕಟ್ಟಕಡೆಯ ಸಾಲಿನವರು. ಮೊದಲ ದಿನ 67. ಎರಡನೇ ದಿನ 66. ಮೂರನೇ ದಿನ 68. ಕೊನೆಯ ಸುತ್ತಿಗೆ ಮುಂಚೆ ಒಬ್ಬರೇ ಎರಡನೇ ಸ್ಥಾನದಲ್ಲಿ ನಿಂತಿದ್ದರು. ಮೂರು ಹೊಡೆತ ಮುಂದೆ ಇದ್ದವರು ವಿಶ್ವದ ನಂಬರ್ ಒನ್, ಅಮೆರಿಕದ ನೆಲ್ಲಿ ಕೋರ್ಡಾ.

ಹೇಗೆ ಸಾಧ್ಯವಾಯಿತು?

ನಮ್ಮ ಹಾಲ್‌ನಲ್ಲಿ ಕೂತು ನೋಡಿದ್ದನ್ನೇ ಹೇಳುತ್ತೇನೆ. ಮೊದಲು ಕೋರ್ಡಾ ಹೊಡೆಯುತ್ತಾರೆ. ಚೆಂಡು ಎಲ್ಲೋ ದೂರ ಹೋಗಿ ಬೀಳುತ್ತದೆ. ಅದಿತಿ ಹೊಡೆಯುತ್ತಾರೆ, ಚೆಂಡು ನೆಟ್ಟಗೆ ಹೋಗಿ ಫೇರ್‌ವೇ ನಡುವೆ, ಬಹಳ ಹಿಂದೆ ನಿಲ್ಲುತ್ತದೆ. ಹಿಂದಿರುವವರೇ ಮೊದಲು ಆಡಬೇಕಲ್ಲ, ಎರಡನೇ ಹೊಡೆತಕ್ಕೆ ಯಾವಾಗಲೂ ಮೊದಲ ಸರದಿ ಅದಿತಿಯದೇ. ಉಳಿದವರು ಗಿಡ್ಡ ಐರನ್ ತೆಗೆಯುವ ಕಡೆ ಇವರು ಹೈಬ್ರಿಡ್ ತೆಗೆಯುತ್ತಾರೆ. ಉದ್ದ ಕೋಲಿನಿಂದ ಗ್ರೀನ್ ಮೇಲೆ ಚೆಂಡು ನಿಲ್ಲಿಸುವುದು ಸುಲಭವಲ್ಲ. ಹೇಗೋ ನಿಲ್ಲಿಸುತ್ತಾರೆ. ಆಮೇಲೆ ಅಮ್ಮ ಮಗಳು ಅಕ್ಕಪಕ್ಕ ನಿಂತು ಹುಲ್ಲಿನ ಇಳಿಜಾರು ನೋಡುತ್ತಾರೆ. ಮಗಳು ಪಟರ್ ಹಿಡಿದು ಬಾಗುತ್ತಾಳೆ. ಅವಸರವಿಲ್ಲ, ನಡುಕವಿಲ್ಲ. ಚೆಂಡು ಉರುಳಿ ಉರುಳಿ ಗುಳಿ ಸೇರುತ್ತದೆ. ಹತ್ತಾರು ಗಜ ಹಿಂದಿದ್ದವಳು ಅದೇ ಸ್ಕೋರ್ ಬರೆದುಕೊಂಡು ಮುಂದಿನ ಟೀ ಕಡೆ ನಡೆಯುತ್ತಾಳೆ.

ಏಳು ಗಂಟೆ ಹೊತ್ತಿಗೆ ಅಮ್ಮನಿಗೆ ಆಟ ಪೂರ್ತಿ ಅರ್ಥವಾಗಿತ್ತು. ‘ಗೋಲಿ ಆಟಾನೇ ಅಲ್ವೇನೋ ಇದು? ದೂರ ಹೊಡೆಯೋದಲ್ಲ, ಗುಳಿಗೆ ಹಾಕೋದು ಮುಖ್ಯ.’ ಗಾಲ್ಫ್ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳಲ್ಲಿ ಇಷ್ಟು ಚುಟುಕಾಗಿ ಯಾರೂ ಹೇಳಿಲ್ಲ.

ಕೊನೆಯ ದಿನ ಎರಡು ಬೋಗಿ ಬಂದವು. 13 ಮತ್ತು 14ನೇ ಹೋಲ್‌ಗಳಲ್ಲಿ ಬೆನ್ನುಬೆನ್ನಿಗೆ ಬರ್ಡಿ. ಅಷ್ಟರಲ್ಲಿ ನ್ಯೂಜಿಲೆಂಡಿನ ಲಿಡಿಯಾ ಕೋ ಮತ್ತು ಜಪಾನಿನ ಮೋನೆ ಇನಾಮಿ ಹಿಂದಿನಿಂದ ನುಗ್ಗಿ ಬಂದಿದ್ದರು. ಇಬ್ಬರದೂ ಆ ದಿನ 65. ಕಂಚು ಒಮ್ಮೆ ಇವರ ಕಡೆ, ಒಮ್ಮೆ ಅವರ ಕಡೆ. ಕೊನೆಯ ಗುಂಪಿಗೆ ಎರಡು ಹೋಲ್ ಬಾಕಿ ಇರುವಾಗ ಸಿಡಿಲಿನ ಎಚ್ಚರಿಕೆ ಬಂದು ಆಟ ನಿಂತಿತು.

ಬೆಂಗಳೂರಿನಲ್ಲಿ ಆಗ ಸುಮಾರು ಒಂಬತ್ತು ಗಂಟೆ. ಕಚೇರಿಗೆ ಲಾಗಿನ್ ಆಗಬೇಕಾದವರು ಮೊಬೈಲಿನಲ್ಲಿ ‘ಪ್ಲೇಆಫ್ ಅಂದರೆ ಏನು’ ಎಂದು ಹುಡುಕುತ್ತಿದ್ದರು. ಮಳೆ ಬಂದು ಆಟ ರದ್ದಾದರೆ ಬೆಳ್ಳಿ ಸಿಗಬಹುದೆಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಲೆಕ್ಕಾಚಾರ ನಡೆದಿತ್ತು. ಕ್ರಿಕೆಟ್‌ನಲ್ಲಿ ಡಕ್‌ವರ್ಥ್–ಲೂಯಿಸ್ ನಂಬಿದ ಜನ ನಾವು. ಗಾಲ್ಫ್‌ನಲ್ಲೂ ವರುಣದೇವನಿಗೆ ಅರ್ಜಿ ಹಾಕಿದೆವು.

ಮುಕ್ಕಾಲು ಗಂಟೆಯ ಮೇಲೆ ಆಟ ಮತ್ತೆ ಶುರು. ಹದಿನೇಳರಲ್ಲಿ ಕೋಗೆ ಬರ್ಡಿ. ಈಗ ಅದಿತಿ ಒಂದು ಹೊಡೆತ ಹಿಂದೆ.

ಹದಿನೆಂಟನೇ ಗ್ರೀನ್. ದೂರದ ಪಟ್. ಅದು ಬಿದ್ದರೆ ಮೈನಸ್ 16. ಕೋ, ಇನಾಮಿ ಜೊತೆ ಬೆಳ್ಳಿ ಕಂಚಿಗೆ ಮೂವರ ಪ್ಲೇಆಫ್. ನಾಲ್ಕು ದಿನದಲ್ಲಿ 267 ಹೊಡೆತ ಮುಗಿದಿದ್ದವು. ಅಮ್ಮ ಮಗಳು ಮತ್ತೊಮ್ಮೆ ಅಕ್ಕಪಕ್ಕ ನಿಂತು ನೋಡಿದರು. ಚೆಂಡು ಹೊರಟಿತು. ಗುಳಿಯ ಪಕ್ಕದಲ್ಲೇ ಹಾದುಹೋಯಿತು.

ಇಲ್ಲಿಗೆ 268. ಇನ್ನೊಂದೇ ಬಾಕಿ. ಅದನ್ನೂ ಅಚ್ಚುಕಟ್ಟಾಗಿ ಒಳಗೆ ತಳ್ಳಿ, ಟೋಪಿ ತೆಗೆದು, ಎದುರಾಳಿಗಳ ಕೈಕುಲುಕಿದರು. ಮೈನಸ್ 15. ನಾಲ್ಕನೇ ಸ್ಥಾನ. ಕೋರ್ಡಾಗೆ ಚಿನ್ನ, ಪ್ಲೇಆಫ್‌ನಲ್ಲಿ ಇನಾಮಿಗೆ ಬೆಳ್ಳಿ, ಕೋಗೆ ಕಂಚು.

ನಾಲ್ಕನೇ ಸ್ಥಾನ ನಮಗೆ ಹೊಸತೇನಲ್ಲ. 1960ರಲ್ಲಿ ಮಿಲ್ಖಾ ಸಿಂಗ್, 1984ರಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪಿ.ಟಿ. ಉಷಾ, 2016ರಲ್ಲಿ ದೀಪಾ ಕರ್ಮಾಕರ್. ಬೇರೆ ಟೂರ್ನಿಯಲ್ಲಾದರೆ ನಾಲ್ಕನೆಯವಳಾಗಿದ್ದಕ್ಕೆ ಖುಷಿಯೇ ಆಗುತ್ತಿತ್ತು, ಒಲಿಂಪಿಕ್ಸ್‌ನಲ್ಲಿ ಹಾಗಲ್ಲ ಎಂಬರ್ಥದ ಮಾತನ್ನು ಅದಿತಿಯೂ ಆಡಿದರು. ಅದೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್ ಎಸೆದು ಚಿನ್ನ ತಂದರು. ಊರೆಲ್ಲ ಪಟಾಕಿ. ನಮ್ಮ ಅಮ್ಮ ಮಾತ್ರ ರಾತ್ರಿ ಊಟಕ್ಕೆ ಕೂತಾಗಲೂ ಬೆಳಗಿನ ಪಟ್ಟನ್ನೇ ಹಿಡಿದು ಕೂತಿದ್ದರು. ‘ಒಂದು ಬೆರಳು ಆಕಡೆ ಹೋಗಿದ್ರೆ ಬಿದ್ದಿರೋದು.’

| ಬಾಕ್ಸ್ |
ಬ್ಯಾಗಿನಲ್ಲಿ ಏನಿರುತ್ತದೆ?
ನಿಯಮದ ಪ್ರಕಾರ ಹೆಚ್ಚೆಂದರೆ 14 ಕ್ಲಬ್: ದೂರಕ್ಕೆ ಡ್ರೈವರ್ ಮತ್ತು ವುಡ್, ಮಧ್ಯಮ ದೂರಕ್ಕೆ ಹೈಬ್ರಿಡ್ ಮತ್ತು ಐರನ್, ಮರಳಿನಿಂದ ಎತ್ತಲು ವೆಜ್, ಕೊನೆಗೆ ಪಟರ್. ಜೊತೆಗೆ ಚೆಂಡು, ಛತ್ರಿ, ಟವೆಲ್, ನೀರು, ಮಳೆ ಅಂಗಿ. ಇದನ್ನು ಹೊತ್ತು ದಿನಕ್ಕೆ ಏಳೆಂಟು ಕಿಲೋಮೀಟರು ನಡೆಯುವವರು ಕ್ಯಾಡಿ. ಗಾಳಿ ಯಾವ ಕಡೆ, ಹುಲ್ಲು ಎತ್ತ ವಾಲಿದೆ ಎಂದು ಆಟಗಾರ್ತಿಗೆ ಹೇಳಬಹುದಾದವರೂ ಅವರೊಬ್ಬರೇ.
ಬರ್ಡಿ: ಪಾರ್‌ಗಿಂತ ಒಂದು ಕಡಿಮೆ. ಬೋಗಿ: ಒಂದು ಹೆಚ್ಚು. ಈಗಲ್: ಎರಡು ಕಡಿಮೆ.

ಬ್ಯಾಗು ಹೊತ್ತ ಹುಡುಗರು

ಕ್ಯಾಡಿಗಳ ಮಾತು ಬಂದಮೇಲೆ ಬೆಂಗಳೂರಿನ ಮತ್ತೊಂದು ಕಥೆ ಹೇಳದೆ ಮುಂದೆ ಹೋಗಲಾಗದು.

ಗಾಲ್ಫ್ ಸಾಹುಕಾರರ ಆಟ ಎಂಬ ಮಾತು ಸುಳ್ಳಲ್ಲ. ಕೋರ್ಸಿನ ಬೇಲಿಯಾಚೆ ನಿಂತವನಿಗೆ ಒಳಗಿನ ಹಸಿರು ಕಾಣುತ್ತದೆ, ದಾರಿ ಕಾಣುವುದಿಲ್ಲ. ಬ್ಯಾಗು ಹೊರುವ ಕೆಲಸ ಮಾತ್ರ ಆ ಬೇಲಿಯಲ್ಲಿ ಹಳೆಯ ಕಿಂಡಿ. ಆ ಕಿಂಡಿಯಲ್ಲೇ ನುಸುಳಿ ಬಂದವರು ಬೆಂಗಳೂರಿನ ಸಿ. ಮುನಿಯಪ್ಪ. ಕ್ಯಾಡಿಯಾಗಿ ಶುರುಮಾಡಿದ ಅವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಪ್ಲೇಆಫ್‌ನಲ್ಲಿ ಸೋತವರು ದಕ್ಷಿಣ ಕೊರಿಯಾದ ಆಟಗಾರ. ಬಿಡದಿಯ ಈಗಲ್‌ಟನ್ ಕೋರ್ಸಿನ ಪಕ್ಕದ ಹಳ್ಳಿಯ ಎಸ್. ಚಿಕ್ಕರಂಗಪ್ಪ ಕೂಡ ಇಂಥದೇ ಬಾಗಿಲಿನಿಂದ ಬಂದು ದೇಶದ ಪ್ರೊ ಟೂರ್‌ನಲ್ಲಿ ಪ್ರಶಸ್ತಿಗಳನ್ನು ಗೆದ್ದವರು.

ಅದಿತಿಯ ಮನೆಯ ಕಥೆ ಇದರ ತಿರುವುಮುರುವು. ಇಲ್ಲಿ ಮಗಳು ಆಟಗಾರ್ತಿಯಾದ ಮೇಲೆ ಅಪ್ಪ ಅಮ್ಮ ಕ್ಯಾಡಿಗಳಾದರು. ಆಟದ ಜಗತ್ತಿನಲ್ಲಿ ಮಕ್ಕಳ ಮೇಲೆ ತಮ್ಮ ಆಸೆ ಹೇರುವ ತಂದೆತಾಯಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಮಗಳ ಭಾರವನ್ನು ಅಕ್ಷರಶಃ ಹೆಗಲಿಗೆ ಹಾಕಿಕೊಂಡು ಹಿಂದೆ ನಡೆದವರನ್ನು ನೋಡಿದ್ದು ಕಡಿಮೆ.

ಮೇಲೆ, ಕೆಳಗೆ

2023 ಅದಿತಿಗೆ ಅದ್ಭುತ ವರ್ಷ, ಒಂದು ದಿನ ಬಿಟ್ಟು.

ಫೆಬ್ರುವರಿಯಲ್ಲಿ ಕೆನ್ಯಾದಲ್ಲಿ ಒಂಬತ್ತು ಹೊಡೆತಗಳ ಅಂತರದ ಗೆಲುವು. ಐದು ವರ್ಷಗಳ ಬರಗಾಲ ಮುಗಿಯಿತು. ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಲ್‌ಪಿಜಿಎ ಪ್ರಶಸ್ತಿಯ ಅಂಚಿಗೆ ಹೋಗಿ ಪ್ಲೇಆಫ್‌ನಲ್ಲಿ ಆಸ್ಟ್ರೇಲಿಯಾದ ಹನ್ನಾ ಗ್ರೀನ್‌ಗೆ ಸೋತರು. ನವೆಂಬರಿನಲ್ಲಿ ಸ್ಪೇನ್ ಓಪನ್ ಗೆದ್ದರು. ಯುರೋಪಿಯನ್ ಟೂರ್‌ನಲ್ಲಿ ಅದು ಐದನೆಯದು.

ಆ ಒಂದು ದಿನ ಅಕ್ಟೋಬರ್ 1. ಹಾಂಗ್‌ಝೌ ಏಷ್ಯನ್ ಗೇಮ್ಸ್. ಹಿಂದಿನ ದಿನವಷ್ಟೇ ಅದಿತಿ 61 ಹೊಡೆದಿದ್ದರು, ಪಾರ್‌ಗಿಂತ ಹನ್ನೊಂದು ಕಡಿಮೆ. ಏಳು ಹೊಡೆತಗಳ ಮುನ್ನಡೆ. ಚಿನ್ನ ಜೇಬಿನಲ್ಲೇ ಇದೆ ಎಂದು ನಾವೆಲ್ಲ ಮಲಗಿದೆವು. ಬೆಳಗಾದಾಗ ಕೈ ಕೊಟ್ಟಿತು: 77. ಥಾಯ್ಲೆಂಡಿನ ಅರ್ಪಿಚಾಯ ಯುಬೋಲ್ ಎರಡು ಹೊಡೆತ ಮುಂದೆ ಹೋಗಿ ಚಿನ್ನ ಒಯ್ದರು, ಅದಿತಿಗೆ ಬೆಳ್ಳಿ. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಎಂಬುದು ದಾಖಲೆ. ಪದಕ ಕೊರಳಿಗೆ ಹಾಕಿಸಿಕೊಂಡಾಗ ಮುಖ ಮಾತ್ರ ಟೋಕಿಯೊದಂತೆಯೇ ಇತ್ತು. ನನಗೆ ಕೇಳಿದರೆ, ಪದಕವಿಲ್ಲದ ಟೋಕಿಯೊ ಆಟವೇ ಈ ಬೆಳ್ಳಿಗಿಂತ ದೊಡ್ಡದು. ಪಟ್ಟಿ ಬರೆಯುವವರು ಒಪ್ಪಲಿಕ್ಕಿಲ್ಲ.

2024ರ ಪ್ಯಾರಿಸ್ ಮೂರನೇ ಒಲಿಂಪಿಕ್ಸ್. ಅಲ್ಲಿ 29ನೇ ಸ್ಥಾನ. ಅಷ್ಟರಲ್ಲಿ ಮೈಸೂರಿನ ಪ್ರಣವಿ ಅರಸ್ ಕೂಡ ಯುರೋಪಿನ ಟೂರ್‌ನಲ್ಲಿ ಕಾಣತೊಡಗಿದ್ದರು.

ಮೊನ್ನೆ ಆಗಸ್ಟ್ ಮಳೆಗೆ ಮನೆಯಲ್ಲೇ ಕೂತಿದ್ದಾಗ ಅಮ್ಮ ಕೇಳಿದರು. ‘ಆ ಹುಡುಗಿ ಮುಂದಿನ ಒಲಿಂಪಿಕ್ಸ್ ಆಡ್ತಾಳೇನೋ?’

‘2028ಕ್ಕೆ ಮೂವತ್ತು ತುಂಬಿರುತ್ತೆ. ಗಾಲ್ಫ್‌ಗೆ ಅದೇನು ವಯಸ್ಸಲ್ಲ. ಲಾಸ್ ಏಂಜಲೀಸ್‌ನಲ್ಲಿ, ರಿವಿಯೆರಾ ಅಂತ ಕೋರ್ಸು.’

‘ಅಲ್ಲಿ ಬೆಳಗ್ಗೆ ಆದ್ರೆ ಇಲ್ಲಿ?’

‘ರಾತ್ರಿ.’

ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ‘ಹಾಗಾದ್ರೆ ಹಿಟ್ಟು ರುಬ್ಬಿಟ್ಟು ಕೂರ್ಬೇಕು. ಬೆಳಗ್ಗೆ ಮತ್ತೆ ಬ್ರೆಡ್ಡು ತಿನ್ನೋಕಾಗಲ್ಲ.’